ಜಾಂಗಲವೂ ಕಾನೂ: ‘ಮಳೆಕಾಡು’ ಎಂಬ ಮಾತಿನ ಚರಿತ್ರೆ



ಮಳೆಕಾಡಿನ ವಿಷಯವಾಗಿ ಮಾತನಾಡಹೊರಟವನು ಶಿರಾ ತಾಲ್ಲೂಕಿನ ಬರಗೂರಿನಿಂದ ಪ್ರಾರಂಭಿಸಿದರೆ ಆ ಸೀಮೆಯನ್ನು ಬಲ್ಲವರಿಗೆ ಅದು ವಿಚಿತ್ರವಾಗಿ ತೋರಬಹುದು. ಊರ ಹೆಸರನ್ನು ಕೇಳಿದೊಡನೆಯೇ ಕಿವಿಗೆ ಬರಗೆಂಬ ಕಿರುಧಾನ್ಯದ ನೆನಪಾಗುತ್ತದೆ. ಬರವೆಂಬ ಮಾತೂ ಬಹು ದೂರವಿಲ್ಲ. ಸುತ್ತಲೂ ಕಲ್ಲುಗುಡ್ಡಗಳು, ಕೆಂಪುಮಣ್ಣಿನ ಬಯಲು, ಜಾಲಿ, ಬನ್ನಿ, ಎಲಚಿಯ ಪೊದೆಗಳು, ಹಿರಿಯರು ಕಟ್ಟಿಸಿಹೋದ ಕೆರೆಗಳು. ಶಿರಾ, ಪಾವಗಡಗಳ ಕಡೆ ವರ್ಷವೊಂದಕ್ಕೆ ಬೀಳುವ ಮಳೆ 600 ಮಿಲಿಮೀಟರಿನ, ಎಂದರೆ 24 ಅಂಗುಲದ ಆಸುಪಾಸು. ಅಲ್ಲಿಂದ ಪಶ್ಚಿಮಕ್ಕೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 200 ಕಿಲೋಮೀಟರು ಹೋದರೆ ಆಗುಂಬೆ. ಅಲ್ಲಿ ವರ್ಷದ ಮಳೆ 7,000 ಮಿಲಿಮೀಟರಿಗೂ ಮೇಲೆ, 275 ಅಂಗುಲವನ್ನೂ ಮೀರಿದ್ದು. ಒಂದೇ ಕನ್ನಡವನ್ನಾಡುವ ಎರಡು ಊರುಗಳ ನಡುವೆ ಆಕಾಶವು ಮಾಡಿರುವ ತಾರತಮ್ಯವು ಹೀಗೆ ಹತ್ತು ಮಡಿಗೂ ಹೆಚ್ಚಿನದು. ಆದುದರಿಂದಲೇ ಮಳೆಕಾಡೆಂದರೆ ಏನೆಂಬುದನ್ನು ಮಳೆಯಿಲ್ಲದ ಕಡೆಯಿಂದ ನೋಡುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಕಾಡಿನೊಳಗೆ ನಿಂತವನಿಗೆ ಮರಗಳು ಕಾಣುತ್ತವೆ; ಹೊರಗೆ ನಿಂತವನಿಗೆ ಮಾತ್ರ ಅದರ ಎಲ್ಲೆ ಕಾಣುತ್ತದೆ.

ಮೊದಲು ಶಬ್ದವನ್ನು ನೋಡೋಣ. ‘ಮಳೆಕಾಡು’ ಎಂಬುದು ಕನ್ನಡದಲ್ಲಿ ಹಳೆಯ ಮಾತಲ್ಲ. ಮಲೆನಾಡಿನ ಒಕ್ಕಲಿಗನಾಗಲಿ, ಘಟ್ಟದ ಕೆಳಗಿನ ಹಾಲಕ್ಕಿಯವನಾಗಲಿ ತನ್ನ ಕಾಡನ್ನು ಹಾಗೆಂದು ಕರೆದವನಲ್ಲ. ಅದು ಇಂಗ್ಲಿಷಿನ ‘ರೈನ್ ಫಾರೆಸ್ಟ್’ ಎಂಬುದರ ಭಾಷಾಂತರ. ಆ ಇಂಗ್ಲಿಷು ಮಾತಾದರೂ ಹುಟ್ಟು ಇಂಗ್ಲಿಷಲ್ಲ. ಅದು ಜರ್ಮನ್ ಭಾಷೆಯ ‘ರೇಗನ್‌ವಾಲ್ಟ್’ ಎಂಬುದರ ಭಾಷಾಂತರ. ಈ ಮಾತನ್ನು ಶಾಸ್ತ್ರದಲ್ಲಿ ನೆಲೆಗೊಳಿಸಿದವನು ಆಂದ್ರಿಯಾಸ್ ಷಿಂಪರ್ ಎಂಬ ಸಸ್ಯಶಾಸ್ತ್ರಜ್ಞ. ಈತನು ಸಿಂಹಳ, ಜಾವಾ ಮೊದಲಾದ ಉಷ್ಣದೇಶಗಳನ್ನು ಸುತ್ತಿ ಬಂದು, 1898ರಲ್ಲಿ ಸಸ್ಯಗಳ ಭೂಗೋಳವನ್ನು ಕುರಿತು ಒಂದು ಮಹಾಗ್ರಂಥವನ್ನು ಪ್ರಕಟಿಸಿದನು. ಅದು ಇಂಗ್ಲಿಷಿಗೆ ಬಂದದ್ದು 1903ರಲ್ಲಿ. ಆ ವೇಳೆಗೆ ಗ್ರಂಥಕರ್ತನು ತೀರಿಕೊಂಡು ಎರಡು ವರ್ಷವಾಗಿತ್ತು. ಅದಕ್ಕೆ ಹಿಂದೆ ಹುಂಬೋಲ್ಟನು ಅಮೆಜಾನ್ ನದಿಯ ಮಹಾರಣ್ಯಕ್ಕೆ ಗ್ರೀಕಿನಿಂದ ‘ಹೈಲಿಯಾ’ ಎಂಬೊಂದು ಹೆಸರನ್ನು ತಂದಿದ್ದನು. ಅದು ವಿದ್ವಾಂಸರಲ್ಲೇ ನಿಂತಿತು, ಜನರ ಬಾಯಿಗೆ ಬರಲಿಲ್ಲ.

ಷಿಂಪರನು ಮಳೆಕಾಡಿಗೆ ಹೇಳಿದ ಲಕ್ಷಣಗಳು ಸ್ಪಷ್ಟವಾದವು. ಅದು ಸದಾ ಹಸಿರಾಗಿರತಕ್ಕದ್ದು, ನೀರನ್ನು ಬಯಸತಕ್ಕದ್ದು, ಮೂವತ್ತು ಮೀಟರಿಗೆ ಕಡಿಮೆಯಿಲ್ಲದಷ್ಟು ಎತ್ತರವಾದದ್ದು, ತೊಡೆಗಾತ್ರದ ಬಳ್ಳಿಗಳಿಂದಲೂ, ಮರದ ಮೇಲೆಯೇ ಬೇರೂರಿ ಬೆಳೆಯುವ ಗಿಡಗಳಿಂದಲೂ ಸಮೃದ್ಧವಾದದ್ದು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಲಕ್ಷಣದಲ್ಲಿ ಮಳೆಯ ಪ್ರಮಾಣ ಇಷ್ಟೆಂದು ಎಲ್ಲಿಯೂ ಇಲ್ಲ. ಹೆಸರಿನಲ್ಲಿ ಮಳೆಯಿದ್ದರೂ ಗುರುತು ಇರುವುದು ಎಲೆಯಲ್ಲಿ. ಎಲ್ಲ ಮರಗಳೂ ಒಟ್ಟಿಗೆ ಎಲೆಯುದುರಿಸಿ ಬೋಳಾಗುವ ಕಾಲವೊಂದು ಆ ಕಾಡಿಗಿಲ್ಲವೆಂಬುದೇ ಅದರ ಮುಖ್ಯ ಚಿಹ್ನೆ.

ಹಾಗಾದರೆ ಮಳೆಯ ಪಾತ್ರವೇನು? ಮಳೆ ಎಷ್ಟು ಬಿತ್ತೆಂಬುದಕ್ಕಿಂತ ಎಷ್ಟು ತಿಂಗಳು ಬೀಳಲಿಲ್ಲವೆಂಬುದೇ ಕಾಡಿನ ಹಣೆಬರಹವನ್ನು ನಿರ್ಣಯಿಸುತ್ತದೆ. ಅಮೆಜಾನಿನ ಎಷ್ಟೋ ಭಾಗಗಳಲ್ಲಿ ಬೀಳುವ ಮಳೆ ಆಗುಂಬೆಯ ಮಳೆಯ ಅರ್ಧಕ್ಕೂ ಕಡಿಮೆ. ಆದರೆ ಅದು ವರ್ಷದುದ್ದಕ್ಕೂ ಹಂಚಿಕೊಂಡು ಬೀಳುತ್ತದೆ. ನಮ್ಮ ಸಹ್ಯಾದ್ರಿಯಲ್ಲಿ ಹಾಗಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶ ತೂತಾದಂತೆ ಸುರಿದು, ಆಮೇಲೆ ಕೈಕಟ್ಟಿ ಕುಳಿತುಬಿಡುತ್ತದೆ. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಕರ್ನಾಟಕದ ಅರಣ್ಯ ಇಲಾಖೆಯೊಡನೆ ಸೇರಿ 1980ರ ದಶಕದಲ್ಲಿ ಘಟ್ಟದ ಸಸ್ಯಸಂಪತ್ತಿನ ನಕ್ಷೆಗಳನ್ನು ತಯಾರಿಸಿದರು. ಆ ಕೆಲಸದ ಮುಂದಾಳಾಗಿದ್ದ ಪಾಸ್ಕಲ್ ಎಂಬ ವಿದ್ವಾಂಸರು ತೋರಿಸಿಕೊಟ್ಟಂತೆ, ದಕ್ಷಿಣ ಕೇರಳದಲ್ಲಿ ಎರಡು ಮೂರು ತಿಂಗಳಷ್ಟಿರುವ ಒಣಗಾಲವು ಉತ್ತರಕ್ಕೆ ಹೋದಂತೆಲ್ಲ ಬೆಳೆದು ಮಹಾರಾಷ್ಟ್ರದ ಘಟ್ಟಗಳಲ್ಲಿ ಏಳೆಂಟು ತಿಂಗಳಾಗುತ್ತದೆ. ಒಣಗಾಲ ಬೆಳೆದಷ್ಟೂ ಮರದ ಜಾತಿಗಳು ಕಡಿಮೆಯಾಗುತ್ತವೆ, ಎತ್ತರ ತಗ್ಗುತ್ತದೆ. ನಮ್ಮ ಕರ್ನಾಟಕದ ಕಾಡು ಈ ಏಣಿಯ ನಡುಮೆಟ್ಟಲಿನಲ್ಲಿದೆ. ಐದಾರು ತಿಂಗಳು ಹನಿಯಿಲ್ಲದೆಯೂ ಅದು ಹಸಿರಾಗಿ ನಿಲ್ಲುವುದು ಹೇಗೆಂದರೆ, ಮಳೆಗಾಲದಲ್ಲಿ ಕುಡಿದ ನೀರನ್ನು ಎಲೆಗೊಬ್ಬರದ ಮಣ್ಣಿನಲ್ಲಿಯೂ ಬೇರಿನ ಬುಡದಲ್ಲಿಯೂ ಹಿಡಿದಿಟ್ಟುಕೊಂಡು, ಕೊಳ್ಳದ ಮಂಜನ್ನೂ ನೆರಳನ್ನೂ ಬಿಟ್ಟುಕೊಡದೆ, ಜಿಪುಣನಂತೆ ವೆಚ್ಚ ಮಾಡುವುದರಿಂದ.

ಈ ಕಾರಣದಿಂದಲೇ ಇಲ್ಲಿನ ಅರಣ್ಯಾಧಿಕಾರಿಗಳು ಬಹುಕಾಲ ‘ಮಳೆಕಾಡು’ ಎಂಬ ಮಾತನ್ನು ಒಲ್ಲದೆ ಹೋದರು. ಚಾಂಪಿಯನ್ ಎಂಬಾತನು 1936ರಲ್ಲಿ ಇಂಡಿಯಾ ಮತ್ತು ಬರ್ಮಾದ ಅರಣ್ಯಗಳನ್ನು ವರ್ಗೀಕರಿಸಿದಾಗ ‘ಒದ್ದೆಯಾದ ನಿತ್ಯಹರಿದ್ವರ್ಣ’, ‘ಅರೆ ನಿತ್ಯಹರಿದ್ವರ್ಣ’, ‘ತೇವದ ಎಲೆಯುದುರುವ’, ‘ಒಣ ಎಲೆಯುದುರುವ’ ಎಂದು ಮುಂತಾಗಿ ಹೆಸರಿಟ್ಟನು. ಕನ್ನಡದ ಪಠ್ಯಪುಸ್ತಕಗಳಲ್ಲಿ ಇಂದಿಗೂ ಮಕ್ಕಳ ನಾಲಗೆಯನ್ನು ತೊಡರಿಸುವ ‘ನಿತ್ಯಹರಿದ್ವರ್ಣ’ವೆಂಬ ಪದ ಈ ಬಗೆಯ ವರ್ಗೀಕರಣದ ಮಾತು. ಕಾಡನ್ನು ಎಂದೂ ನೋಡದ ಹುಡುಗನಿಗೆ ಆ ಪದದಿಂದ ಏನು ಕಾಣುತ್ತದೆಯೋ ದೇವರೇ ಬಲ್ಲ. ಮಳೆಕಾಡೆಂಬ ಮಾತು ಇಲ್ಲಿ ಬಳಕೆಗೆ ಬಂದದ್ದು ಈಚೆಗೆ. 2005ರಲ್ಲಿ ಆಗುಂಬೆಯಲ್ಲಿ ರೊಮುಲಸ್ ವಿಟೇಕರ್ ಅವರು ಸ್ಥಾಪಿಸಿದ ಸಂಶೋಧನ ಕೇಂದ್ರವು ಆ ಮಾತನ್ನು ತನ್ನ ಹೆಸರಿನಲ್ಲಿಯೇ ಇರಿಸಿಕೊಂಡಿದೆ.

ಇನ್ನು ಬಯಲುಸೀಮೆಗೆ ಹಿಂದಿರುಗೋಣ. ಮಳೆಕಾಡೆಂಬ ಮಾತು ಪಾಶ್ಚಾತ್ಯರಲ್ಲಿ ಹರಡುವುದಕ್ಕೆ ಮುಂಚೆ, ಅಂಥ ಕಾಡಿಗೆ ಇಂಗ್ಲಿಷಿನಲ್ಲಿ ಜನಸಾಮಾನ್ಯರ ಹೆಸರು ‘ಜಂಗಲ್’. ಈ ಶಬ್ದವು ನಮ್ಮ ದೇಶದಿಂದ ಹೋದದ್ದು. ಸಂಸ್ಕೃತದ ‘ಜಾಂಗಲ’ದಿಂದ ಬಂದದ್ದು. ಆದರೆ ಜಾಂಗಲವೆಂದರೆ ನಮ್ಮ ಪೂರ್ವಿಕರಿಗೆ ಏನರ್ಥವಿತ್ತು? ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ದೇಶವನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರಾಗಿ ವಿಂಗಡಿಸಿದೆ. ಆನೂಪವೆಂದರೆ ನೀರುಳ್ಳ, ಜವುಗಾದ, ಹಿಂತಾಲ, ತಮಾಲ, ತೆಂಗು, ಬಾಳೆಗಳ ತೋಪುಗಳಿರುವ ಭೂಮಿ. ಜಾಂಗಲವೆಂದರೆ ಇದಕ್ಕೆ ತೀರ ವಿರುದ್ಧ. ಅದು ವಿಸ್ತಾರವಾದ ಆಕಾಶವುಳ್ಳ, ಒಣಗಾಳಿ ಬೀಸುವ, ಗಟ್ಟಿನೆಲದ ಬಯಲು. ಖದಿರ, ಧವ, ಬದರಿ, ತಿಂದುಕ, ಶಮಿ ಮೊದಲಾದ ಮರಗಳು ಬೆಳೆಯತಕ್ಕ ನಾಡು. ಈ ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಿ ನೋಡಿರಿ: ಕಗ್ಗಲಿ, ದಿಂಡಿಗ, ಎಲಚಿ, ತೂಬರೆ, ಬನ್ನಿ. ಇವೆಲ್ಲ ಬಯಲುಸೀಮೆಯ ಗುಡ್ಡಗಳ ಮೇಲೆ ಕಾಣುವ ಮರಗಳೇ ಹೊರತು ಆಗುಂಬೆಯವಲ್ಲ. ಎಂದರೆ, ಶಾಸ್ತ್ರಕಾರರ ಜಾಂಗಲವು ಬರಗೂರಿನಂಥ ನೆಲವೇ. ಇಂಗ್ಲಿಷರ ಜಂಗಲ್ಲಿನ ಕಲ್ಪನೆಗೆ ಹತ್ತಿರವಾದ ಆಗುಂಬೆಯು ಚರಕನ ಲೆಕ್ಕದಲ್ಲಿ ಆನೂಪದ ಕಡೆಯದು.

ಜಾಂಗಲವನ್ನು ನಮ್ಮವರು ಕೀಳಾಗಿ ಕಂಡವರಲ್ಲ. ವೈದ್ಯರು ಅದನ್ನು ಆರೋಗ್ಯಕರವೆಂದು ಹೊಗಳಿದರು. ಆನೂಪದಲ್ಲಿ ಕಫದ ರೋಗಗಳು ಹೆಚ್ಚೆಂದರು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣಮೃಗವು ಸ್ವಾಭಾವಿಕವಾಗಿ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವೆಂದು ಹೇಳಿದೆ. ಆ ಮೃಗಕ್ಕೆ ಬೇಕಾದದ್ದು ಹುಲ್ಲುಗಾವಲು, ಕುರುಚಲು, ಕಣ್ಣು ಹರಿಯುವಷ್ಟು ಬಯಲು; ದಟ್ಟವಾದ ಕಾಡಿನಲ್ಲಿ ಅದು ಬದುಕಲಾರದು. ಈ ಮಾತಿಗೆ ಸಾಕ್ಷಿಯನ್ನು ಹುಡುಕಿಕೊಂಡು ಬಹು ದೂರ ಹೋಗಬೇಕಾಗಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಸೀಮೆಯಲ್ಲಿ ಹರಿದುಹೋಗುವ ಜಯಮಂಗಲಿಯ ಹೆಸರಿನಲ್ಲಿ 2007ರಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಧರ್ಮಶಾಸ್ತ್ರದ ಲಕ್ಷಣವನ್ನು ಕಣ್ಣಾರೆ ನೋಡಬಯಸುವವರು ಅಲ್ಲಿಗೆ ಹೋಗಬಹುದು.

ಈ ಶಬ್ದವು ತಲೆಕೆಳಗಾದದ್ದು ಹೇಗೆ? ಇದನ್ನು ಕುರಿತು ಫ್ರಾನ್ಸಿಸ್ ಜಿಮ್ಮರ್‌ಮನ್ ಎಂಬ ಫ್ರೆಂಚ್ ವಿದ್ವಾಂಸರು 1982ರಲ್ಲಿ ಒಂದು ಗ್ರಂಥವನ್ನೇ ಬರೆದರು. ಜಾಂಗಲವು ಮನುಷ್ಯನು ಉತ್ತಿ ಬಿತ್ತಿ ನೆಲೆಸಬಲ್ಲ ತೆರೆದ ನೆಲ. ದೇಶಭಾಷೆಗಳಲ್ಲಿ ಅದು ಉಳದೆ ಬಿಟ್ಟ ಪಾಳು ನೆಲವೆಂಬ ಅರ್ಥವನ್ನು ತಳೆಯಿತು. ಹಾಲ್ಹೆಡ್ ಎಂಬಾತನು 1776ರಲ್ಲಿ ಹಿಂದೂ ಧರ್ಮಶಾಸ್ತ್ರಗಳ ಸಂಗ್ರಹವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದಾಗ, ಐದು ವರ್ಷ ಪಾಳುಬಿದ್ದ ಭೂಮಿ ಎಂಬರ್ಥದಲ್ಲಿಯೇ ಅದನ್ನು ಬಳಸಿದನು. ಪಾಳಿನಲ್ಲಿ ಪೊದೆ ಬೆಳೆಯಿತು. ಪೊದೆಯಿಂದ ದಟ್ಟವಾದ ಗಿಡಗಂಟೆಯ ಅರ್ಥ ಬಂತು. ಅಲ್ಲಿಂದ ಹುಲಿ, ಹಾವು, ಜ್ವರಗಳಿಂದ ತುಂಬಿದ ಘೋರಾರಣ್ಯಕ್ಕೆ ಒಂದೇ ಹೆಜ್ಜೆ. 1894ರಲ್ಲಿ ಕಿಪ್ಲಿಂಗನು ಬರೆದ ಪ್ರಸಿದ್ಧ ‘ಜಂಗಲ್ ಬುಕ್’ ಈ ಅರ್ಥವನ್ನು ಲೋಕಕ್ಕೆಲ್ಲ ಹಂಚಿತು. ತಮಾಷೆಯೆಂದರೆ, ಆ ಕಥೆ ನಡೆಯುವ ಸಿವನಿಯ ಬೆಟ್ಟಗಳು ಬೇಸಗೆಯಲ್ಲಿ ಎಲೆಯುದುರುವ ಮಧ್ಯದೇಶದ ಕಾಡು; ಮಳೆಕಾಡಲ್ಲ. ಅನಂತರ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅರಣ್ಯರಕ್ಷಣೆಯ ವಿಚಾರ ಪ್ರಬಲವಾದಾಗ, ಭಯವನ್ನು ಸೂಚಿಸುವ ‘ಜಂಗಲ್’ ಹಿಂದಾಗಿ, ಗೌರವವನ್ನು ಸೂಚಿಸುವ ‘ಮಳೆಕಾಡು’ ಮುಂದೆ ಬಂತು. ಮರ ಅದೇ, ಬಳ್ಳಿ ಅದೇ. ಜನರ ಮನಸ್ಸು ಬದಲಾಯಿತು, ಹೆಸರೂ ಬದಲಾಯಿತು.

ಹಾಗಾದರೆ ಕನ್ನಡಿಗರು ತಮ್ಮ ಮಳೆಕಾಡನ್ನು ಏನೆಂದು ಕರೆದರು? ‘ಕಾನು’ ಎಂದು ಕರೆದರು. ಸಂಸ್ಕೃತದ ‘ಕಾನನ’ವೂ ದ್ರಾವಿಡದ ಈ ಮೂಲದಿಂದಲೇ ಹೋಗಿರಬೇಕೆಂದು ಭಾಷಾಶಾಸ್ತ್ರಜ್ಞರಲ್ಲಿ ಹಲವರ ಮತ. ಮಲೆನಾಡಿನಲ್ಲಿ ಕಾಡೆಲ್ಲ ಕಾನಲ್ಲ. ಕಾಡೆಂದರೆ ಸಾಮಾನ್ಯ, ಕಾನೆಂದರೆ ವಿಶೇಷ. ಸುತ್ತಲೂ ಎಲೆಯುದುರುವ ಮತ್ತಿ, ನಂದಿ, ಹೊನ್ನೆಗಳ ಕಾಡಿದ್ದು, ನಡುವೆ ಕೊಳ್ಳದಲ್ಲಿಯೋ ನೀರಿನ ಒರತೆಯ ಬಳಿಯಲ್ಲಿಯೋ ವರ್ಷವಿಡೀ ಕಪ್ಪಾಗಿ ಕಾಣುವ ದಟ್ಟವಾದ ತುಂಡು ಇದ್ದರೆ ಅದು ಕಾನು. ಅದರೊಳಗೆ ರಾಮಪತ್ರೆ, ದಾಲ್ಚಿನ್ನಿ, ಹೆಬ್ಬಲಸು, ಬೈನೆ, ಉಪ್ಪಾಗೆ, ಬೆತ್ತ. ಮರಮರಕ್ಕೂ ಹಬ್ಬಿದ ಮೆಣಸಿನ ಬಳ್ಳಿ. ಕಾನೂರು, ಕಾನಸೂರು ಮೊದಲಾದ ಊರ ಹೆಸರುಗಳಲ್ಲಿ ಈ ಶಬ್ದವು ಕೇಳಿಸುತ್ತದೆ. 1936ರಲ್ಲಿ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಪ್ರಕಟವಾದ ಮೇಲೆ ಬಯಲುಸೀಮೆಯ ಓದುಗರಿಗೂ ಅದು ಅಪರಿಚಿತವಾಗಿ ಉಳಿಯಲಿಲ್ಲ. ಷಿಂಪರನಿಗೆ ಎಷ್ಟೋ ಮುಂಚೆ ನಮ್ಮ ಹಳ್ಳಿಗರು ಎಲೆಯುದುರುವ ಕಾಡಿಗೂ ಉದುರದ ಕಾಡಿಗೂ ಇರುವ ಭೇದವನ್ನು ಗುರುತಿಸಿ ಹೆಸರಿಟ್ಟಿದ್ದರೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಕಾನಿನ ಮೆಣಸು ರಾಜ್ಯಗಳನ್ನು ಸಾಕಿತು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಯೂರೋಪಿನ ಹಡಗುಗಳು ಹೊನ್ನಾವರ, ಭಟ್ಕಳಗಳ ರೇವುಗಳಲ್ಲಿ ಕಾದು ನಿಂತದ್ದು ಈ ಕತ್ತಲೆಯ ಕಾಡುಗಳ ಫಲಕ್ಕಾಗಿ. ಮನುಷ್ಯನ ಕೈ ಸೋಕದ ಕಾಡೇ ಮಳೆಕಾಡೆಂದು ಇಂದು ಹಲವರು ಭಾವಿಸುತ್ತಾರೆ. ನಮ್ಮ ಕಾನುಗಳ ಮಟ್ಟಿಗೆ ಅದು ಸರಿಯಲ್ಲ. ಕೈ ಸೋಕಿಯೂ ಉಳಿದ ಕಾಡು ಅದು. ಕೊಯ್ದುಕೊಂಡರು, ಬಳ್ಳಿ ಹಬ್ಬಿಸಿದರು, ಬೈನೆ ಇಳಿಸಿದರು. ಆದರೆ ಮರವನ್ನು ಕಡಿಯಲಿಲ್ಲ.

ಕಡಿಯದಿರುವುದಕ್ಕೆ ದೇವರೂ ಕಾರಣ. ಇದಕ್ಕೆ ಸಾಕ್ಷಿ ಹೇಳತಕ್ಕವನು ಫ್ರಾನ್ಸಿಸ್ ಬುಕಾನನ್. ಟಿಪ್ಪುಸುಲ್ತಾನನ ಪತನವಾದ ಮರುವರ್ಷ, ಎಂದರೆ 1800ರಲ್ಲಿ, ಕಂಪೆನಿಯವರು ಈತನನ್ನು ದೇಶವನ್ನು ನೋಡಿ ವರದಿ ಮಾಡಲು ಕಳುಹಿಸಿದರು. ಆ ವರ್ಷ ಅವನು ಮಧುಗಿರಿ, ಶಿರಾಗಳ ಒಣಸೀಮೆಯಲ್ಲಿ ಸಂಚರಿಸಿ ಕೆರೆ, ಬೆಳೆ, ದನಕರುಗಳ ಲೆಕ್ಕವನ್ನೆಲ್ಲ ಬರೆದುಕೊಂಡನು. ಮರುವರ್ಷ ಕನ್ನಡ ಜಿಲ್ಲೆ, ಸೋಂದೆ, ಇಕ್ಕೇರಿಗಳನ್ನು ಸುತ್ತಿದನು. ಒಬ್ಬನೇ ಮನುಷ್ಯನು ಒಂದೇ ಪ್ರವಾಸದಲ್ಲಿ ಜಾಂಗಲವನ್ನೂ ಕಾನನ್ನೂ ಕಂಡು ಬರೆದ ವೃತ್ತಾಂತವೆಂಬುದರಿಂದ 1807ರಲ್ಲಿ ಅಚ್ಚಾದ ಆ ಪುಸ್ತಕಕ್ಕೆ ನಮ್ಮ ವಿಷಯದಲ್ಲಿ ವಿಶೇಷ ಬೆಲೆಯಿದೆ. ಇಂದಿನ ಉತ್ತರ ಕನ್ನಡ ಜಿಲ್ಲೆಯ ಕಡೆ ಅವನು ಕೇಳಿದ್ದೇನೆಂದರೆ, ಕಾಡುಗಳು ಗ್ರಾಮದೇವತೆಗಳ ಸ್ವತ್ತು. ಪೂಜಾರಿಯ ಮೂಲಕ ದೇವರ ಅಪ್ಪಣೆ ಪಡೆಯದೆ ಮರ ಕಡಿದರೆ ದೇವರು ಮುನಿಯುತ್ತಾನೆ. ಅಪ್ಪಣೆಗೆ ಕಾಣಿಕೆಯೇನೂ ಇಲ್ಲ. ಬುಕಾನನನು ಇದನ್ನು ನಂಬಲಿಲ್ಲ. ಸರ್ಕಾರವು ಕಾಡನ್ನು ತನ್ನದೆನ್ನದಂತೆ ಜನರು ಹೂಡಿದ ಉಪಾಯವಿದೆಂದು ಅವನು ಷರಾ ಬರೆದನು. ಕಾಣಿಕೆ ಕೇಳದ ದೇವರು ಅವನಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ. ಆದರೂ ಅವನ ಸಂದೇಹದಲ್ಲಿ ಒಂದು ಸತ್ಯವಿತ್ತು. ಕಾಡು ಯಾರದೆಂಬ ಪ್ರಶ್ನೆ ಎದ್ದಿದೆ, ಅದಕ್ಕೆ ಉತ್ತರ ಹೇಳಬೇಕಾದ ಕಾಲ ಬಂದಿದೆ ಎಂಬುದನ್ನು ಅವನು ಹಳ್ಳಿಗರಿಗಿಂತ ಮೊದಲೇ ತಿಳಿದಿದ್ದನು.

ಉತ್ತರ ಬರಲು ಬಹು ದಿನ ಹಿಡಿಯಲಿಲ್ಲ. 1864ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಏರ್ಪಟ್ಟಿತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳನ್ನು ನೋಡಿ ಜಂಟಿ ವರದಿಯೊಂದನ್ನು ಬರೆದರು. ಆ ಒಂದು ತಾಲ್ಲೂಕಿನಲ್ಲಿಯೇ ನೂರಕ್ಕೂ ಮಿಕ್ಕ ಕಾನುಗಳಿದ್ದುವು. ಇಪ್ಪತ್ತು ವರ್ಷದ ಮೇಲೆ, 1888ರಲ್ಲಿ, ಉತ್ತರ ಕನ್ನಡದ ಅರಣ್ಯ ವ್ಯವಸ್ಥೆಯ ಅಧಿಕಾರಿಯಾಗಿದ್ದ ವಿಂಗೇಟ್ ಎಂಬಾತನು, ಕಾನಿದ್ದಲ್ಲಿ ಒರತೆಯೂ ಬತ್ತದ ಹಳ್ಳವೂ ಇರುತ್ತವೆ, ಅಡಕೆ ಏಲಕ್ಕಿಯ ತೋಟಗಳಿಗೆ ನೆರಳೂ ತೇವವೂ ಅದರಿಂದಲೇ ಬರುತ್ತವೆ ಎಂಬ ಅಭಿಪ್ರಾಯವನ್ನು ಬರೆದಿಟ್ಟನು. ಸರ್ಕಾರದ ಕಾಗದದಲ್ಲಿ ಮಾತು ಚೆನ್ನಾಗಿಯೇ ಇತ್ತು. ಆದರೆ ಕಾಲಕ್ರಮದಲ್ಲಿ ಕಾನುಗಳು ಕಾಯ್ದಿಟ್ಟ ಅರಣ್ಯದೊಳಗೆ ಸೇರಿ ಹೆಸರನ್ನು ಕಳೆದುಕೊಂಡುವು. ರೈಲ್ವೆಯ ಅಡಿಮರಗಳಿಗೆ, ಪ್ಲೈವುಡ್ಡಿಗೆ, ತೇಗದ ನೆಡುತೋಪುಗಳಿಗೆ ದಾರಿಯಾಯಿತು. ‘ಕಾನು’ ಎಂಬ ಕಲಮು ದಫ್ತರಿನಲ್ಲಿ ಇಲ್ಲದೆ ಹೋದ ಮೇಲೆ, ಕಾನನ್ನು ಕಾನೆಂದು ಕಾಪಾಡುವುದು ಸಾಧ್ಯವಾಗಲಿಲ್ಲ.

ಉಳಿದವು ಕೆಲವು. ಹೊನ್ನಾವರದ ಕರಿಕಾನಿನಲ್ಲಿ ಪರಮೇಶ್ವರಿಯ ಗುಡಿಯ ಸುತ್ತ ಎತ್ತರವಾದ ಧೂಪದ ಜಾತಿಯ ಮರಗಳು ದೇವಿಯ ಹೆಸರಿನಿಂದ ನಿಂತಿವೆ. ಸಿದ್ದಾಪುರದ ಕಡೆ ಹೊನ್ನಾವರದ ಹಾದಿಯಲ್ಲಿ ಕತ್ತಲೆಕಾನೆಂಬುದೊಂದಿದೆ, ಹೆಸರೇ ವರ್ಣನೆ. ಅಲ್ಲಿ ನಿಂತ ನೀರಿನ ಜವುಗಿನಲ್ಲಿ ರಾಮಪತ್ರೆಯ ಬಳಗದ ಮರಗಳು ಬೆಳೆಯುತ್ತವೆ. ಕೆಸರಿನಲ್ಲಿ ಉಸಿರಾಡುವುದಕ್ಕಾಗಿ ಅವುಗಳ ಬೇರುಗಳು ಮಂಡಿ ಮಡಚಿದಂತೆ ನೆಲದಿಂದ ಮೇಲೆದ್ದು ಮತ್ತೆ ನೆಲಕ್ಕಿಳಿಯುತ್ತವೆ. 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ವಿದ್ವಾಂಸರು ಗೇರುಮರದ ವಂಶಕ್ಕೆ ಸೇರಿದ ಹೊಸ ಜಾತಿಯೊಂದನ್ನು ಇಲ್ಲಿ ಗುರುತಿಸಿ, ಲೋಕದ ಸಸ್ಯಶಾಸ್ತ್ರದಲ್ಲಿ ಕತ್ತಲೆಕಾನಿನ ಹೆಸರು ಶಾಶ್ವತವಾಗುವಂತೆ ಅದಕ್ಕೆ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ನಾಮಕರಣ ಮಾಡಿದರು. ಲ್ಯಾಟಿನ್ನಿನ ಬಾಲವನ್ನು ಕಟ್ಟಿಕೊಂಡಾದರೂ ‘ಕಾನು’ ಎಂಬ ಕನ್ನಡದ ಮಾತು ಹೀಗೆ ವಿದ್ವತ್ಸಭೆಯನ್ನು ಪ್ರವೇಶಿಸಿತು.

ಈ ಕಾಡುಗಳ ವಯಸ್ಸೆಷ್ಟು? ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ ದೊರೆತ, ಸುಮಾರು ಐದು ಕೋಟಿ ವರ್ಷಗಳ ಹಿಂದಿನ ಅಂಬರವೆಂಬ ಗಟ್ಟಿಯಾದ ಮರದ ಅಂಟು, ಈ ಧೂಪದ ವಂಶದ ಮರಗಳದೇ ಎಂದು ಪರೀಕ್ಷೆಯಿಂದ ತಿಳಿದಿದೆ. ಅಂದು ಅಲ್ಲಿಯೂ ಮಳೆಕಾಡಿತ್ತೆಂದಾಯಿತು. ನಮಗೆ ಹತ್ತಿರವಾದ ಕಾಲದ ಸಾಕ್ಷಿ ಕಾರವಾರದ ಸಮುದ್ರದ ತಳದಲ್ಲಿದೆ. ಅಲ್ಲಿಂದ ತೆಗೆದ ಕೆಸರಿನ ಪದರಗಳಲ್ಲಿ ಹೂವಿನ ಪರಾಗವನ್ನು ಎಣಿಸಿ, ಸುಮಾರು 3,500 ವರ್ಷಗಳ ಹಿಂದೆ ಉತ್ತರ ಕನ್ನಡದ ಘಟ್ಟಗಳಲ್ಲಿ ಕಾಡು ಬಹಳವಾಗಿ ಕ್ಷೀಣಿಸಿ ಹುಲ್ಲು ಹೆಚ್ಚಿತೆಂದು ಫ್ರೆಂಚ್ ವಿದ್ವಾಂಸರು 1991ರಲ್ಲಿ ಪ್ರಕಟಿಸಿದರು. ಹವೆ ಒಣಗಿದ್ದೇ ಕಾರಣವೆಂಬುದು ಅವರ ಅಭಿಪ್ರಾಯ. ಕುಮರಿ ಬೇಸಾಯಗಾರರ ಬೆಂಕಿಯೂ ಸೇರಿತ್ತೆಂದು, ಕಾನುಗಳ ಚರಿತ್ರೆಯನ್ನು ಶೋಧಿಸಿದ ಸುಭಾಷ್ ಚಂದ್ರನ್ ಮೊದಲಾದವರ ವಾದ. ಹೇಗಾದರೂ, ಕಾನೆಂಬುದು ಒಮ್ಮೆ ಎಲ್ಲೆಲ್ಲೂ ಹಬ್ಬಿದ್ದ ಹೊದಿಕೆಯ ಉಳಿದ ಚೂರು. ಹರಿದ ಕಂಬಳಿಯ ಚೂರೂ ಚಳಿಗೆ ಆಗುತ್ತದೆಂದು ಬಲ್ಲ ಜನ ಅದಕ್ಕೆ ದೇವರನ್ನು ಕಾವಲಿಟ್ಟರು.

ಮುಂದಿನ ಚರಿತ್ರೆ ನಿಮ್ಮಲ್ಲಿ ಹಲವರಿಗೆ ಗೊತ್ತಿದ್ದದ್ದೇ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನರು ಕಳಸೆಯ ಕಾಡಿಗೆ ನಡೆದುಹೋಗಿ ಮರಗಳನ್ನು ತಬ್ಬಿಕೊಂಡು ಕೊಡಲಿಯನ್ನು ತಡೆದರು. ಅದೇ ಅಪ್ಪಿಕೋ ಚಳವಳಿ. 1987ರಲ್ಲಿ ಕುದುರೆಮುಖವು ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ 2002ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಯಲ್ಲಿ ನಿಂತಿತು. 2011ರಲ್ಲಿ ಅಘನಾಶಿನಿಯ ಕೊಳ್ಳವನ್ನು ಸಿಂಗಳೀಕಗಳಿಗಾಗಿ ಸಂರಕ್ಷಿಸಿದರು. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವುಗಳಲ್ಲಿ ಹತ್ತು ಕರ್ನಾಟಕದವು.

ಇದೆಲ್ಲ ಆಯಿತು, ಇದರಿಂದ ಬರಗೂರಿನವರಿಗೇನು? ಬಯಲುಸೀಮೆಯ ರೈತನನ್ನು ಕೇಳಿದರೆ, ಕಾಡಿದ್ದರೆ ಮಳೆ ಬರುತ್ತದೆ ಎನ್ನುತ್ತಾನೆ. ಮಳೆಕಾಡೆಂಬ ಸಮಾಸವನ್ನು ಮಳೆಯಿಂದಾದ ಕಾಡೆಂದು ಬಿಡಿಸಬಹುದು. ಮಳೆಯನ್ನು ತರುವ ಕಾಡೆಂದೂ ಬಿಡಿಸಬಹುದು. ಷಿಂಪರನದು ಮೊದಲನೆಯ ಅರ್ಥ. ಮುಂಗಾರಿನ ಮೋಡ ಸಮುದ್ರದಿಂದ ಬರುತ್ತದೆ, ಬೆಟ್ಟ ತಡೆದದ್ದರಿಂದ ಸುರಿಯುತ್ತದೆ. ಮರವು ಕೈಬೀಸಿ ಕರೆದದ್ದರಿಂದಲ್ಲ. ಮೋಡಗಳು ತಮ್ಮ ಭಾರವನ್ನು ಘಟ್ಟದಲ್ಲಿ ಇಳಿಸಿ ಹಗುರಾಗಿ ಬರುವುದರಿಂದಲೇ ಶಿರಾ, ಪಾವಗಡಗಳು ಮಳೆಯ ಮರೆಯಲ್ಲಿವೆ. ಆದರೆ ಎರಡನೆಯ ಅರ್ಥವೂ ಸುಳ್ಳಲ್ಲ. ಬಿದ್ದ ನೀರಿನಲ್ಲಿ ಒಂದು ಪಾಲನ್ನು ಎಲೆಗಳು ಹಬೆಯಾಗಿ ಗಾಳಿಗೆ ಬಿಡುತ್ತವೆ. ಅಮೆಜಾನಿನ ಮಳೆಯಲ್ಲಿ ಸುಮಾರು ಅರ್ಧದಷ್ಟು ಹೀಗೆ ಕಾಡಿನಿಂದಲೇ ಮರಳಿ ಬಂದದ್ದೆಂದು ಬ್ರಜಿಲಿನ ಸಲಾಟಿ ಎಂಬ ವಿಜ್ಞಾನಿ 1970ರ ದಶಕದಲ್ಲಿ ಲೆಕ್ಕ ಹಾಕಿದರು. 2018ರಲ್ಲಿ ಮುಂಬಯಿಯ ಐ.ಐ.ಟಿ.ಯ ಸಂಶೋಧಕರು, ಪಶ್ಚಿಮ ಘಟ್ಟದ ಸಸ್ಯಗಳು ಬಿಡುವ ತೇವವು ಮಳೆಯ ಮರೆಯಲ್ಲಿರುವ ತಮಿಳುನಾಡಿನ ಮುಂಗಾರಿಗೆ ಗಣ್ಯವಾದ ಪಾಲನ್ನು ಕೊಡುತ್ತದೆಂದು, ಅದರಲ್ಲಿಯೂ ಮಳೆ ಕಡಿಮೆಯಾದ ವರ್ಷಗಳಲ್ಲಿ ಈ ಪಾಲು ಹೆಚ್ಚೆಂದು ತೋರಿಸಿದರು. ನಮ್ಮ ರೈತನ ಮಾತನ್ನು ಪೂರ್ತಿಯಾಗಿ ಒಪ್ಪದಿದ್ದರೂ ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ.

ಬಯಲುಸೀಮೆಗೂ ಕಾನಿಗೂ ಈಗ ಮತ್ತೊಂದು ನೆಂಟಸ್ತಿಕೆ ಬೆಳೆದಿದೆ. ಸಕಲೇಶಪುರದ ಬಳಿಯ ಘಟ್ಟದಲ್ಲಿ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಎಂಬ ಹಳ್ಳಗಳಿವೆ. ನೇತ್ರಾವತಿಯ ಕಡೆಗೆ ಹರಿಯುವ ಇವುಗಳ ತಲೆಯ ಮೇಲೆ ಕಾಡಿದೆ. ಮಳೆಗಾಲದಲ್ಲಿ ಇವುಗಳಿಂದ 24 ಟಿ.ಎಂ.ಸಿ. ನೀರನ್ನು ಮೇಲೆತ್ತಿ, ಪೂರ್ವಕ್ಕೆ ತಿರುಗಿಸಿ, ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೊದಲಾದ ಒಣ ಜಿಲ್ಲೆಗಳಿಗೆ ಕುಡಿಯಲು ಒದಗಿಸಬೇಕೆಂಬ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನಲ್ಲಿ ಅದಕ್ಕೊಂದು ಜಲಾಶಯವನ್ನು ಕಟ್ಟುವ ಯೋಚನೆಯೂ ಹುಟ್ಟಿ, ಮುಳುಗಡೆಯಾಗುವ ಹಳ್ಳಿಗಳವರು ಪ್ರತಿಭಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ಆ ಹಳ್ಳಗಳಲ್ಲಿ ದೊರೆಯುವ ನೀರು ಒಂಬತ್ತೂವರೆ ಟಿ.ಎಂ.ಸಿ.ಯ ಸುಮಾರಿನದೆಂದು ಲೆಕ್ಕ ತೆಗೆದರು. ಘಟ್ಟದವರು, ಕರಾವಳಿಯವರು ಕಾಡಿಗೂ ನದಿಗೂ ಹಾನಿಯೆಂದರು; ಬಯಲಿನವರು ಫ್ಲೋರೈಡ್ ತುಂಬಿದ ಕೊಳವೆಬಾವಿಯ ನೀರನ್ನು ತೋರಿಸಿ, ನಮ್ಮ ಮಕ್ಕಳ ಹಲ್ಲನ್ನೂ ಮೂಳೆಯನ್ನೂ ನೋಡಿ ಎಂದರು. ಇವೆರಡರಲ್ಲಿ ಒಂದನ್ನೂ ನೆವವೆಂದು ನಾನು ಹೇಳಲಾರೆ. ಆದರೆ ಕೊಳವೆ ಹೂಳುವ ಅವಸರದಲ್ಲಿ, ಆ ಹಳ್ಳಗಳು ಮಳೆ ನಿಂತ ಮೇಲೂ ಹರಿಯುವುದು ಯಾವ ಕಾರಣದಿಂದ ಎಂಬ ಮಾತು ಹಿಂದೆ ಬಿದ್ದಿತೆಂದು ಮಾತ್ರ ಹೇಳಬೇಕಾಗುತ್ತದೆ. 1888ರಲ್ಲಿ ವಿಂಗೇಟನು ಅದನ್ನು ಬರೆದಿಟ್ಟಿದ್ದನು.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಮಳೆಕಾಡಿನ ಹಿರಿಮೆ ಹೆಚ್ಚಿದಂತೆಲ್ಲ, ಮರವಿಲ್ಲದ ನೆಲವೆಲ್ಲ ಕೆಟ್ಟ ನೆಲವೆಂಬ ಭಾವನೆಯೂ ಹೆಚ್ಚಿತು. ಕಂದಾಯದ ಲೆಕ್ಕದಲ್ಲಿ ಹುಲ್ಲುಗಾವಲು ‘ಬಂಜರು’ ಎನ್ನಿಸಿಕೊಂಡಿತು; ಹಾಲ್ಹೆಡ್‌ನ ಕಾಲದ ಪಾಳಿನ ಅರ್ಥವೇ ಬೇರೆ ವೇಷದಲ್ಲಿ ಬಂದಂತಾಯಿತು. ಬಯಲುಸೀಮೆಯ ಗೋಮಾಳಗಳಲ್ಲಿ ನೀಲಗಿರಿ, ಅಕೇಸಿಯಾಗಳನ್ನು ಸಾಲುಸಾಲಾಗಿ ನೆಟ್ಟು ಅದನ್ನು ಕಾಡೆಂದು ಕರೆದರು. ಆ ತೋಪುಗಳಲ್ಲಿ ಕುರಿಗೆ ಮೇವಿಲ್ಲ, ಕೃಷ್ಣಮೃಗಕ್ಕೆ ಓಟವಿಲ್ಲ. ಪಾವಗಡದ ತಿರುಮಣಿಯ ಕಡೆ 13,000 ಎಕರೆಗಳ ಮೇಲೆ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ತೆಗೆಯುವ ಗಾಜಿನ ಹಲಗೆಗಳು ಹಬ್ಬಿವೆ. ರೈತರಿಗೆ ಗೇಣಿ ಬರುತ್ತದೆ, ಅದು ಬೇರೆ ಪ್ರಸಂಗ. ಕಾನಿಗೆ ಕಾನಿನ ನ್ಯಾಯ, ಜಾಂಗಲಕ್ಕೆ ಜಾಂಗಲದ ನ್ಯಾಯವೆಂದು ಚರಕನ ಕಾಲದಲ್ಲಿಯೇ ಬೇರೆಬೇರೆ ಹೆಸರಿಟ್ಟಿದ್ದ ನಾಡಿನಲ್ಲಿ, ಮರ ಕಂಡಲ್ಲೆಲ್ಲ ಪುಣ್ಯ, ಕಾಣದಲ್ಲೆಲ್ಲ ಪಾಳು ಎನ್ನುವುದು ಸಲ್ಲದು.

ಎತ್ತಿನಹೊಳೆಯ ಮೊದಲನೆಯ ಹಂತದ ಪಂಪುಗಳು 2024ರ ಸೆಪ್ಟೆಂಬರಿನಲ್ಲಿ ನಡೆಯತೊಡಗಿದುವು. ಕಾಲುವೆ ಅಂದಿಗೆ ಕೊನೆಯವರೆಗೆ ಮುಗಿದಿರಲಿಲ್ಲವಾದ್ದರಿಂದ ಎತ್ತಿದ ನೀರನ್ನು ವೇದಾವತಿಯ ಕಡೆಗೆ ಬಿಟ್ಟರು. ಷಿಂಪರನ ಗ್ರಂಥ ಅಚ್ಚಾದ ಹತ್ತು ವರ್ಷದೊಳಗೆ, 1907ರಲ್ಲಿ, ಮೈಸೂರು ಸರ್ಕಾರದವರು ಹಿರಿಯೂರಿನ ಬಳಿ ಕಟ್ಟಿ ಮುಗಿಸಿದ ಮಾರಿಕಣಿವೆಯ ಜಲಾಶಯಕ್ಕೆ ಹೀಗೆ ಕಾನಿನ ನೀರು ಬಂದು ಸೇರಿತು. ಶಿರಾ ತಾಲ್ಲೂಕಿನ ಎಲ್ಲೆ ಅಲ್ಲಿಂದ ಬಹು ದೂರವಿಲ್ಲ.